ಕೆರೆ ಏರಿಯ ಸೋರಿಕೆ

"ಬುದ್ಧಿ, ಕಾಯಿಲೆ ಇರುವುದು ತಲೆಯಲ್ಲಿ. ವೈದ್ಯರು ತೊಡೆಯಿಂದ ಹೋಗುತ್ತೇವೆ ಅನ್ನುತ್ತಾರೆ. ಇದನ್ನು ಹೇಗೆ ನಂಬಲಿ?" ಎಂದು ರೇವಣ ಗುರುಗಳನ್ನು ಕೇಳಿದ.

ಅವನ ತಂಗಿ ದಾಕ್ಷಾಯಿಣಿಯ ಮೆದುಳಿನಲ್ಲಿ ರಕ್ತನಾಳಗಳು ಹುಟ್ಟಿನಿಂದಲೇ ಗೋಜಲಾಗಿದ್ದವು. ಒಡೆದು ರಕ್ತ ಹರಿದರೆ ಪ್ರಾಣಕ್ಕೇ ಅಪಾಯ. ತಲೆ ತೆರೆಯದೆ, ತೊಡೆಯ ರಕ್ತನಾಳದೊಳಗಿನಿಂದ ಸಣ್ಣ ನಳಿಕೆಯೊಂದನ್ನು ಮೆದುಳಿನವರೆಗೆ ಕಳಿಸಿ, ಅಂಟು ಬಿಟ್ಟು ಆ ಗೋಜಲನ್ನು ಮುಚ್ಚುವುದು ವೈದ್ಯರ ಯೋಚನೆ. ಅಣ್ಣ ಹ್ಞೂಂ ಅಂದರೆ ಮಾತ್ರ ಮಾಡಿಸಿಕೊಳ್ಳುತ್ತೇನೆ ಎಂದು ತಂಗಿ ಹಟ ಹಿಡಿದಿದ್ದಳು. ರೇವಣನಿಗೆ ಹ್ಞೂಂ ಅನ್ನಲು ಧೈರ್ಯ ಬರುತ್ತಿರಲಿಲ್ಲ. ಅವನಿಗೆ ತನ್ನವಳು ಅಂತ ಇದ್ದವಳು ಅವಳೊಬ್ಬಳೇ.

ಗುರುಗಳು ಹೇಳತೊಡಗಿದರು.

ಒಂದೂರಿನ ಕೆರೆ ತುಂಬಿತ್ತು. ಏರಿಯ ಕೆಳಗೇ ಊರು. ಒಂದು ಬೆಳಿಗ್ಗೆ ಏರಿಯ ಹೊರಮೈಯಲ್ಲಿ ನೀರು ಜಿನುಗಿತು. ಮಧ್ಯಾಹ್ನದ ಹೊತ್ತಿಗೆ ಕೆಂಪಗೆ ಹರಿಯಿತು. ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಒಬ್ಬ ರೈತ ಗುದ್ದಲಿ ಹಿಡಿದು ಓಡಿಬಂದ. ಅವನನ್ನು ನೋಡಿ ಊರಿಗೆ ಊರೇ ಗುದ್ದಲಿ ಹಿಡಿಯಿತು. ಗಾಬರಿಯಾದಾಗ ನಮಗೆಲ್ಲ ಮೊದಲು ಸಿಗುವುದು ಅದೇ ತಾನೆ!

ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿ ಮಾತ್ರ ಒಳಗಡೆ ತೆಪ್ಪ ಇಳಿಸುತ್ತಿದ್ದ.

"ಸೋರ್ತಾ ಇರೋದು ಈ ಕಡೆ, ನೀನು ಆ ಕಡೆ ಹೊರಟೆಯಲ್ಲ! ತಲೆ ಕೆಟ್ಟಿದೆಯೇನಯ್ಯಾ?" ಎಂದು ರೈತ ಕೂಗಿದ.

"ಇಲ್ಲಿ ಅಗೆದ್ರೆ ತೂತು ಕಾಣುತ್ತೆ ಕಣಣ್ಣ. ಅದರ ಹಿಂದೇನೇ ಕೆರೆಯೂ ಬರುತ್ತೆ" ಎಂದ ನೀರುಗಂಟಿ.

ಅವನು ಏರಿಯ ಪಕ್ಕದ ನೀರಿಗೆ ಹಿಡಿ ಹೊಟ್ಟು ಎರಚಿದ. ಹೊಟ್ಟು ಸುಮ್ಮನೆ ತೇಲಿತು. ಆಮೇಲೆ ಒಂದು ಕಡೆಗೆ ವಾಲಿ, ಗಿರ್ರನೆ ಸುತ್ತಿ ಮುಳುಗಿತು. ಅದು ತೂಬಿನ ಬಾಯಲ್ಲ ತಾನೆ ಎಂದು ಎರಡು ಸಲ ನೋಡಿಕೊಂಡ. ತೂಬು ಮುಚ್ಚಿಹೋದರೆ ಗದ್ದೆಗಳು ಒಣಗುತ್ತವೆ. ಆಮೇಲೆ ಹುಲ್ಲು ಕಲಸಿದ ಜೇಡಿಮಣ್ಣಿನ ಉಂಡೆಗಳನ್ನು ಒಂದೊಂದಾಗಿ ಹೊಟ್ಟು ಮುಳುಗಿದ ಕಡೆಯೇ ಬಿಟ್ಟ. ಅವಸರ ಮಾಡಲಿಲ್ಲ. ಮೂರು ದಿನ ಹಿಡಿಯಿತು. ಮೂರನೆಯ ದಿನ ಏರಿಯ ಹೊರಮೈ ಒಣಗಿತು. ಆ ರೈತ ಗುದ್ದಲಿಯನ್ನು ಮನೆಗೆ ಒಯ್ದು, ಹೊಟ್ಟೆ ತುಂಬ ಊಟ ಮಾಡಿದ.

ರೇವಣ ಮತ್ತೆ ಕೇಳಿದ. "ಬುದ್ಧಿ, ನೀರುಗಂಟಿಯ ಕೈ ಆ ತೂತಿನವರೆಗೆ ಹೋಗಲೇ ಇಲ್ಲ. ಮತ್ತೆ ಉಂಡೆಯನ್ನು ಅಲ್ಲಿಗೆ ಒಯ್ದವರು ಯಾರು?"

ಗುರುಗಳು ನಕ್ಕರು. "ಊರೆಲ್ಲ ಹೆದರಿದ್ದ ಆ ನೀರೇ, ಮಗೂ; ನಿನ್ನ ತಂಗಿಗೆ ಆ ಅಂಟಿನ ಮದ್ದನ್ನು ಹೊತ್ತು ಒಯ್ಯುವುದೂ ನೀನು ಹೆದರುತ್ತಿರುವ ಆ ರಕ್ತವೇ."