ಬಚ್ಚಪ್ಪನ ಕಣ್ಣಲ್ಲಿ ಗೂಡು

ಶಿಡ್ಲಘಟ್ಟದ ಕಡೆ ಪಿಳ್ಳಮ್ಮ ಅಂತ ಒಬ್ಬಳಿದ್ದಳು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯೋದು ಅವಳ ಕಸುಬು. ಅವಳಿಗೊಬ್ಬನೇ ಮಗ, ಬಚ್ಚಪ್ಪ. ವಯಸ್ಸು ಇಪ್ಪತ್ತಮೂರು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ ಮಾತು ಮೀರೋನಲ್ಲ. ಪಿಳ್ಳಮ್ಮನ ತಲೆನೋವೇ ಅದು.

ರಾಟೆ ಮುಂದೆ ಕೂರಿಸಿದರೆ ತುಂಡಾದ ಎಳೆ ಹಿಡಿದು ಗಂಟು ಹಾಕೋಕೆ ಅವನಿಗೆ ಆಗ್ತಿರಲಿಲ್ಲ.

"ಅಮ್ಮ, ಎರಡೆರಡು ಎಳೆ ಕಾಣ್ತದೆ. ಯಾವುದನ್ನ ಹಿಡೀಲಿ?"

"ಇರೋದು ಒಂದೇ ಕಣೋ. ಎರಡು ಕಂಡರೆ ಒಂದೇ ಅಂತ ತಿಳ್ಕೋ."

ತಿಳ್ಕೊಂಡ. ಮಾರನೇ ದಿನ ಮಾರ್ಕೆಟ್ಟಿಂದ ಎರಡು ಮೂಟೆ ಗೂಡು ತಾ ಅಂತ ಕಳಿಸಿದಳು. ಒಂದೇ ಮೂಟೆ ಹೊತ್ತುಕೊಂಡು ಬಂದ.

"ಇನ್ನೊಂದು ಎಲ್ಲೋ?"

"ಎರಡು ಕಾಣ್ತು. ಒಂದೇ ಅಂತ ತಿಳ್ಕೊಂಡೆ."

ಪಿಳ್ಳಮ್ಮ ಹಣೆ ಚಚ್ಚಿಕೊಂಡು ಓಡಿಹೋಗಿ ಮೂಟೆ ತಂದಳು. ತಂದು ಇಳಿಸಿದವಳೇ ಮಗನ ರಟ್ಟೆ ಹಿಡಿದು ಕಣ್ಣಾಸ್ಪತ್ರೆಗೆ ನಡೆದಳು. "ಅಲ್ಲಿ ನಿನ್ನ ಬುದ್ಧಿ ಓಡಿಸಬೇಡ. ಹೇಳಿದಷ್ಟು ಮಾಡು ಸಾಕು."

ಡಾಕ್ಟ್ರಮ್ಮ ಗೋಡೆ ಮೇಲಿನ ಅಕ್ಷರಗಳನ್ನ ತೋರಿಸಿದರು. ಬಚ್ಚಪ್ಪ ಸುಮ್ಮನೆ ನೋಡ್ತಾ ಕೂತ.

"ಬಾಯಿ ಬಿಟ್ಟು ಓದಪ್ಪ."

ಬಿಟ್ಟ. ಕಿರುನಾಲಗೆ ಕಾಣೋ ಹಾಗೆ ಬಿಟ್ಟ. ಬಿಟ್ಟ ಬಾಯಿ ಮುಚ್ಚಲಿಲ್ಲ, ಒಂದು ಸದ್ದೂ ಹೊರಗೆ ಬರಲಿಲ್ಲ.

ಪಿಳ್ಳಮ್ಮ ತೊಡೆ ಚಿವುಟಿದಳು. "ಅಕ್ಷರ ಜೋರಾಗಿ ಹೇಳೋ, ಪೆದ್ದ."

"ಅಕ್ಷರ" ಅಂತ ಜೋರಾಗಿ ಹೇಳಿದ.

ಕೊನೆಗೆ ಮಿಷಿನ್ನಿಗೆ ಗಲ್ಲ ಒತ್ತಿಸಿ ನೋಡಿದ ಡಾಕ್ಟ್ರಮ್ಮ ಅಂದರು, "ಕಣ್ಣಿನ ಮುಂದಿನ ತಿಳಿಪದರ ಚೆಂಡಿನ ಹಾಗೆ ಎಲ್ಲಾ ಕಡೆ ಒಂದೇ ಸಮ ಬಾಗಿರಬೇಕಮ್ಮ. ಇವನದು ನಿಮ್ಮ ರೇಷ್ಮೆಗೂಡಿನ ಹಾಗೆ ಒಂದು ಕಡೆಗೆ ಉದ್ದ. ಒಳಗೆ ಬಂದ ಬೆಳಕು ಒಂದು ಚುಕ್ಕೇಲಿ ಸೇರಲ್ಲ, ಅದಕ್ಕೇ ಒಂದು ಎರಡಾಗಿ ಕಾಣ್ತದೆ. ಅಸ್ಟಿಗ್ಮಾಟಿಸಂ ಅಂತಾರೆ. ಕನ್ನಡಕ ಹಾಕಲಿ, ಸರಿಹೋಗ್ತದೆ."

ಕನ್ನಡಕ ಬಂತು. ಎಳೆ ಒಂದೇ ಕಾಣ್ತು. ಆದರೆ ಗೂಡು ಬೇಯಿಸೋ ತೊಟ್ಟಿಯ ಹಬೆಗೆ ಗಳಿಗೆಗೊಂದು ಸಲ ಗಾಜು ಮಬ್ಬಾಗೋದು. ಒಂದು ದಿನ ಪಿಳ್ಳಮ್ಮ ಬಂದು ನೋಡ್ತಾಳೆ, ಮಗ ಕನ್ನಡಕ ತೆಗೆದಿಟ್ಟು ಕುದಿಯೋ ನೀರಿಗೆ ಮುಖ ಬಗ್ಗಿಸ್ತಿದಾನೆ. ಜುಟ್ಟು ಹಿಡಿದು ಹಿಂದಕ್ಕೆಳೆದಳು.

"ಏನೋ ಮಾಡ್ತಿದ್ದೆ?"

"ಕಣ್ಣಲ್ಲಿ ಗೂಡಿದೆ ಅಂದ್ರಲ್ಲಮ್ಮ. ಬಿಸಿನೀರಲ್ಲಿ ನೆನೆದರೆ ಗೂಡು ಬಿಚ್ಕೊಳ್ತದೆ ಅಂತ ನೀನೇ ಹೇಳ್ಕೊಟ್ಟಿದ್ದು."

ಇನ್ನೊಂದು ಗೇಣು ಬಗ್ಗಿದ್ದರೆ ಕಣ್ಣೇ ಬೆಂದುಹೋಗ್ತಿತ್ತು. ಪಿಳ್ಳಮ್ಮ ಕನ್ನಡಕ ಒರೆಸಿ ಅವನ ಮೂಗಿಗೆ ಏರಿಸಿದಳು. "ನಿನ್ನ ಕಟ್ಕೊಂಡು ನಾನು ಏಗಲಾರೆ ಕಣೋ. ಇನ್ನು ಮೇಲೆ ಡಾಕ್ಟ್ರಮ್ಮ ಏನು ಕೊಟ್ಟರೂ, ಬುದ್ಧಿನೇ ಕೊಡಲಿ, ಬೈಗುಳಾನೇ ಕೊಡಲಿ, ಕಿವಿಗೆ ಹಾಕ್ಕೋ."

ವರ್ಷ ಕಳೆದ ಮೇಲೆ ಮತ್ತೆ ಕರ್ಕೊಂಡು ಹೋದಳು. ಡಾಕ್ಟ್ರಮ್ಮ ಅಳೆದು ನೋಡಿದರು. ಕನ್ನಡಕದ ನಂಬರು ಬದಲಾಗಿರಲಿಲ್ಲ, ಪದರವೂ ಸಾಕಷ್ಟು ದಪ್ಪ ಇತ್ತು. ಹಬೇಲಿ ದುಡಿಯೋನಿಗೆ ಲೇಸರ್ ಮಾಡಬಹುದು, ಆ ಬೆಳಕು ಪದರವನ್ನ ಒಂಚೂರು ತೆಳುಮಾಡಿ ಬಾಗನ್ನ ಸಮ ಮಾಡ್ತದೆ ಅಂದರು. ಲೇಸರ್ ಮಾಡೋ ದಿನ ನೋವಾಗದ ಹಾಗೆ ಹನಿ ಬಿಟ್ಟು, "ಆ ಹಸಿರು ಚುಕ್ಕೆ ನೋಡ್ತಿರಪ್ಪ, ಅಲ್ಲಾಡಬೇಡ" ಅಂದರು. ಬಚ್ಚಪ್ಪ ನೋಡಿದ. ಕಲ್ಲಿನ ಹಾಗೆ ಮಲಗಿ ನೋಡಿದ. ಇಂಥ ರೋಗೀನ ತಾವು ಕಂಡೇ ಇಲ್ಲ ಅಂತ ಡಾಕ್ಟ್ರಮ್ಮ ಹೊಗಳಿದರು. ಹೆತ್ತಾಗಿನಿಂದ ಮೊದಲ ಸಲ ಪಿಳ್ಳಮ್ಮನಿಗೆ ಮಗನ ಮೇಲೆ ಹೆಮ್ಮೆ ಬಂತು.

ಹೆಮ್ಮೆ ಮನೆ ಬಾಗಿಲವರೆಗೂ ಇತ್ತು. ಒಳಗೆ ಬಂದವನು ಆಸ್ಪತ್ರೆಯಲ್ಲಿ ಕೊಟ್ಟ ಹನಿಯ ಬಾಟ್ಲಿ ತೆಗೆದ, ತಲೆ ವಾಲಿಸಿದ, ಬಲಗಿವಿಗೆ ಎರಡು ಹನಿ ಬಿಟ್ಕೊಂಡ.

"ಅದು ಕಣ್ಣಿಗೆ ಕಣೋ!"

"ಡಾಕ್ಟ್ರಮ್ಮ ಕೊಟ್ಟಿದ್ದು ಕಿವಿಗೆ ಅಂದಿದ್ದೆ."

ಪಿಳ್ಳಮ್ಮ ಬಾಟ್ಲಿ ಕಿತ್ಕೊಂಡಳು. "ಕಣ್ಣಿಗೆ ಬಿಡು ಅಂದಿದ್ದನ್ನ ಕಣ್ಣಿಗೇ ಬಿಡಬೇಕು. ಕಿವಿಗಲ್ಲ, ಮೂಗಿಗಲ್ಲ. ತಿಳೀತಾ?"

"ತಿಳೀತು."

ಅಲ್ಲಿಂದಾಚೆ ಹನಿ ತಾನೇ ಹಾಕಿದಳು. ಹಬೆ ತಾಕದ ಹಾಗೆ, ಕಣ್ಣುಜ್ಜದ ಹಾಗೆ ಕಾದಳು. ಮೂರು ತಿಂಗಳಾದ ಮೇಲೆ ಡಾಕ್ಟ್ರಮ್ಮ ನೋಡಿ, ಕಣ್ಣು ಚೆನ್ನಾಗಿ ವಾಸಿಯಾಗಿದೆ, ಕೆಲಸಕ್ಕೆ ಕೂರಲಿ ಅಂದರು. ಬಚ್ಚಪ್ಪ ಕನ್ನಡಕ ಇಲ್ಲದೆ ಕೂತು, ಕೂದಲಿಗಿಂತ ಸಣ್ಣ ಎಳೆಯನ್ನ ಒಂದೇ ಸಲಕ್ಕೆ ಹಿಡಿದು ಗಂಟು ಹಾಕಿದ. ಪಿಳ್ಳಮ್ಮ ಸೆರಗಲ್ಲಿ ಮುಖ ಒರೆಸಿಕೊಂಡಳು. ಗೆದ್ದೆ ಅಂದುಕೊಂಡಳು.

ಆ ಗೆಲುವಲ್ಲೇ ನಾಲಗೆ ಜಾರಿತು. ಮಾರ್ಕೆಟ್ಟಿಗೆ ಹೊರಟವಳು ಜಗಲೀಲಿ ತೂಗುಹಾಕಿದ್ದ ನೂಲಿನ ಲಡಿಗಳನ್ನ ತೋರಿಸಿ ಹೇಳಿದಳು, "ವಾರದ ದುಡಿಮೆ ಇದು. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯಿ."

ಮಧ್ಯಾಹ್ನ ವಾಪಸ್ ಬರ್ತಿದ್ದರೆ ಬೀದೀಲಿ ಒಂದು ಮೇಕೆ ಎದುರಾಯ್ತು. ಕೊಂಬಿಗೆ ಒಂದು ಲಡಿ ಸುತ್ತಿಕೊಂಡಿತ್ತು, ಇನ್ನೊಂದನ್ನ ಅಗೀತಿತ್ತು. ಪಿಳ್ಳಮ್ಮ ಎದ್ದೂಬಿದ್ದೂ ಮನೆಗೆ ಬಂದಳು. ಬಚ್ಚಪ್ಪ ಜಗಲೀಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ತೊಡೆ ಮೇಲೆ ಹರಳೆಣ್ಣೆ ಬಾಟ್ಲಿ. ಮುಚ್ಚಿದ ಎರಡೂ ರೆಪ್ಪೆ ಕೆಳಗಿಂದ ಎಣ್ಣೆ ಗಲ್ಲದವರೆಗೂ ಇಳೀತಿತ್ತು.

ಹೆಜ್ಜೆ ಸದ್ದಿಗೆ ಮುಖ ಎತ್ತಿದ.

"ಅಮ್ಮಾನಾ? ಬಲಗಣ್ಣು ತುಂಬಿತು, ಎಡಗಣ್ಣಿಗೆ ಎಣ್ಣೆ ಸಾಲಲಿಲ್ಲ. ಪಕ್ಕದ ಮನೇಲಿ ಒಂಚೂರು ಇಸ್ಕೊಂಡು ಬಾ. ನೂಲಿನ ಚಿಂತೆ ಬಿಡು, ಇಲ್ಲಿಂದ ನಾನು ಕದಲಿಲ್ಲ."