ಮೊಸಳೆ ಕಂದಕದ ಫಲಕ

ಕೋಟೆಯ ಪ್ರಾಣಿಗಳು ಪರಂಪರೆ ಸಂಘ ಕಟ್ಟಿಕೊಂಡು, ಅಲ್ಲಿನ ಹಳೆಯ ಜಾಗಗಳಿಗೆಲ್ಲ ಫಲಕ ನೆಡುತ್ತಿದ್ದವು. ಆ ದಿನ ಕಂದಕದ ಸರದಿ. 'ಪೂರ್ವಕಾಲದಲ್ಲಿ ಇಲ್ಲಿ ಮೊಸಳೆ ವಾಸವಾಗಿತ್ತು' ಎಂಬ ಫಲಕವನ್ನು ಬೆನ್ನ ಮೇಲೆ ಹೊತ್ತು ತಂದ ಕಾರ್ಯದರ್ಶಿ ಆಮೆಗೆ ದಡದ ಕೆಸರಿನಲ್ಲಿ ಮೇಕೆಯ ಗೊರಸೊಂದು ಕಂಡಿತು. ಅದಕ್ಕಂಟಿದ ರಕ್ತ ಇನ್ನೂ ಹಸಿಯಾಗಿತ್ತು.

"ಅಧ್ಯಕ್ಷರೇ, ಇದು ಇವತ್ತಿನದು," ಎಂದಿತು ಆಮೆ ಮೆಲ್ಲಗೆ.

ಅಧ್ಯಕ್ಷನಾಗಿದ್ದ ಮುಸುವ ಕೋತಿ ಮುಖ ಸಿಂಡರಿಸಿತು. "ಮೊಸಳೆ ಹಿಂದಿನ ಕಾಲದ್ದು ಅಂತ ಮಹಾಸಭೆ ಒಪ್ಪಿ ಆಗಿದೆ. ಇನ್ನು ಅದು ಇರುವುದು ಹೇಗೆ? ಸುಮ್ಮನೆ ಫಲಕ ನೆಡಿ."

ಆಮೆ ನೆಟ್ಟಿತು. ಸಂಘದಲ್ಲೊಂದು ಪದ್ಧತಿಯಿತ್ತು. ಫಲಕ ನೆಟ್ಟ ಜಾಗದಲ್ಲಿ ನೀರಿದ್ದರೆ ಮೊದಲ ಬೊಗಸೆ ಅಧ್ಯಕ್ಷರೇ ಕುಡಿಯಬೇಕು. ಮುಸುವ ಮೆಟ್ಟಿಲಿಳಿದು ಬಗ್ಗಿತು. ನೀರಿನ ಮೇಲೆ ಗುಳ್ಳೆಗಳು ಎದ್ದವು. ಆಮೆ ಮೆಟ್ಟಿಲ ಅಂಚಿಗೆ ಬಂದಿತು.

"ಸ್ವಾಮಿ, ಮೇಲೆ ಬಂದುಬಿಡಿ," ಎಂದು ಅದು ಬೇಡಿಕೊಂಡಿತು.

"ಕಾರ್ಯಕ್ರಮ ನಡೆಯುವಾಗ ಅಪಶಕುನ ನುಡಿಯಬೇಡಿ. ಇಷ್ಟು ವರ್ಷ ಸಂಘದಲ್ಲಿದ್ದೂ ನಿಮಗೆ..."

ಮಾತು ಅಲ್ಲಿಗೇ ನಿಂತಿತು. ಕಂದಕದ ನೀರು ಒಮ್ಮೆ ಮಗುಚಿಕೊಂಡು ಮತ್ತೆ ಸಮವಾಯಿತು. ಸದಸ್ಯರೆಲ್ಲ ದಿಕ್ಕಾಪಾಲಾಗಿ ಓಡಿದರು. ಓಡಲಾರದ ಆಮೆ ಫಲಕವನ್ನು ಕಿತ್ತುಹಾಕಲು ಹೋಯಿತು.

ಮೊಸಳೆ ದಡದ ಮೇಲೆ ಗದ್ದ ಊರಿ ಸಮಾಧಾನದಿಂದ ಹೇಳಿತು: "ಅದು ಅಲ್ಲೇ ಇರಲಿ, ಕಾರ್ಯದರ್ಶಿಗಳೇ. ಅದನ್ನು ನಂಬಿ ನೀರಿಗಿಳಿಯುವವರು ಇನ್ನೂ ಬರಬೇಕಲ್ಲ."