ಚೌಳು ನೆಲದ ಸೊಪ್ಪು

"ಗುರುಗಳೇ, ದುಃಖದಲ್ಲಿರುವವರಿಗೆ ಏನು ಹೇಳಬೇಕು?" ಎಂದು ಶಿಷ್ಯ ಗುರುಪಾದ ಕೇಳಿದ.

ಊರ ನೇಕಾರನೊಬ್ಬ ಹೆಂಡತಿಯನ್ನು ಕಳೆದುಕೊಂಡಿದ್ದ. ಗುರುಪಾದ ಅವನ ಮನೆಗೆ ಹೋಗಿ, ದೇಹ ನಶ್ವರ, ಆತ್ಮಕ್ಕೆ ಸಾವಿಲ್ಲ ಎಂದು ಬಹಳ ಹೊತ್ತು ಹೇಳಿದ್ದ. ಮಾತು ಮುಗಿಯುವ ಮೊದಲೇ ನೇಕಾರ ಎದ್ದು ಒಳಗೆ ಹೋಗಿಬಿಟ್ಟಿದ್ದ.

ಗುರುಗಳು ಶಿಷ್ಯನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಬ್ಬ ಕುರಿಗಾಹಿ ಇದ್ದ. ಅವನ ಹೆಂಡತಿ ತೀರಿಕೊಂಡಳು. ಚಿಕ್ಕ ಮಗಳಿಗೆ ದಿಕ್ಕಾಗಲೆಂದು ಇನ್ನೊಬ್ಬಳನ್ನು ಮದುವೆಯಾದ. ಬಂದವಳು ಹೊಳೆದಂಡೆಯ ಊರಿನವಳು, ಒಳ್ಳೆಯ ಮನಸ್ಸಿನವಳು. ಮಗುವಿಗೆ ಎಣ್ಣೆ ಹಚ್ಚಿ ನೀರೆರೆದಳು, ತಲೆ ಬಾಚಿದಳು, ತವರಿನ ಬೆಲ್ಲ ಹಾಕಿ ಹೋಳಿಗೆ ಮಾಡಿದಳು. ಹುಡುಗಿ ಯಾವುದಕ್ಕೂ ಬೇಡವೆನ್ನಲಿಲ್ಲ. ಊಟಕ್ಕೆ ಕೂತರೆ ಮಾತ್ರ ಎರಡು ತುತ್ತಿಗೇ ಏಳುತ್ತಿದ್ದಳು. ದಿನೇ ದಿನೇ ಸೊರಗಿದಳು.

ಊರಾಚೆ ಚೌಳು ನೆಲ. ಉಪ್ಪು ಬಿಳಿಯಾಗಿ ಮೇಲೆದ್ದ ಆ ನೆಲದಲ್ಲಿ ಪೈರು ಬಾರದು; ದಪ್ಪ ಎಲೆಯ ಗೋಣಿಸೊಪ್ಪು ಮಾತ್ರ ತಾನಾಗಿ ಹಬ್ಬುತ್ತಿತ್ತು. ತೀರಿಕೊಂಡವಳು ಅದರ ಪಲ್ಯ ಮಾಡುತ್ತಿದ್ದಳು, ಮಗುವಿಗೆ ಅದೆಂದರೆ ಪ್ರಾಣ ಎಂದು ನೆರೆಯವರು ಹೇಳಿದರು. ಚಿಕ್ಕವ್ವ ಅಂದೇ ಹೋಗಿ ಮಡಿಲು ತುಂಬ ಸೊಪ್ಪು ತಂದಳು. ಒಗ್ಗರಣೆ ಕೊಟ್ಟು, ಎಲ್ಲ ಪಲ್ಯಕ್ಕೂ ಹಾಕುವಂತೆ ಉಪ್ಪು ಹಾಕಿ ಬಡಿಸಿದಳು. ಹುಡುಗಿ ಆಸೆಯಿಂದ ಬಾಯಿಗಿಟ್ಟಳು. ಮರುಗಳಿಗೆಯಲ್ಲಿ ಉಗುಳಿ ಅಳತೊಡಗಿದಳು.

ಚಿಕ್ಕವ್ವನಿಗೂ ಅಳು ಬಂತು. ತಾನೂ ಒಂದು ತುತ್ತು ತಿಂದು ನೋಡಿದಳು. ನುಂಗಲಾಗದಷ್ಟು ಉಪ್ಪು. ಆಗ ಮಗುವಿನ ಎದುರು ಕೂತು, "ಇದು ನನಗೆ ಗೊತ್ತಿಲ್ಲ, ಮಗಳೇ. ನಿಮ್ಮವ್ವ ಹೇಗೆ ಮಾಡುತ್ತಿದ್ದಳು, ಹೇಳು" ಎಂದಳು.

ಅವ್ವನ ಮಾತನ್ನು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಹುಡುಗಿ ಕಣ್ಣೊರೆಸಿಕೊಂಡಳು.

"ಅವ್ವ ಉಪ್ಪು ಹಾಕುತ್ತಿರಲಿಲ್ಲ, ಚಿಕ್ಕವ್ವ. ಸೊಪ್ಪಿನಲ್ಲೇ ಇರುತ್ತದೆ ಅನ್ನುತ್ತಿದ್ದಳು. ಕೀಳುವಾಗ ಹಾಡು ಹೇಳುತ್ತಿದ್ದಳು. ನನ್ನ ಬಾಯಿಗೂ ಒಂದು ಎಲೆ ಇಡುತ್ತಿದ್ದಳು."

ಹೇಳುತ್ತ ಹೇಳುತ್ತ ಅವಳು ಚಿಕ್ಕವ್ವನ ತೊಡೆಗೆ ಒರಗಿದಳು. ಸಂಜೆ ಇಬ್ಬರೂ ಕೂಡಿ ಹೋಗಿ ಸೊಪ್ಪು ತಂದರು. ಆ ದಿನ ಮಗು ಹೊಟ್ಟೆ ತುಂಬ ಉಂಡಿತು. ಇನ್ನಷ್ಟು ಪಲ್ಯ ಕೇಳಿ ಹಾಕಿಸಿಕೊಂಡಿತು.

ಕತೆ ಮುಗಿಸಿ ಗುರುಗಳು ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.

"ಆ ನೇಕಾರನ ಹೆಂಡತಿಯ ಹೆಸರೇನು, ಗುರುಪಾದ?"